ತೆಳ್ಳಗ

ಜೂನ್ ೧೮, ಮಂಗಳವಾರ

ಬೆಳಿಗ್ಗೆ ಅರ್ಧ ಬಟ್ಟಲು ಗಂಜಿ. ಕೆಮ್ಮು. ಮಧ್ಯಾಹ್ನ ಮಜ್ಜಿಗೆ ನುಚ್ಚು, ಸ್ವಲ್ಪ. ಮತ್ತೆ ಕೆಮ್ಮು. ಸಂಜೆ ಬಾಯಿ ತೆರೆಯಲಿಲ್ಲ.

ಗದಗಿನ ಡಾಕ್ಟರು ಬರೆಯಲು ಹೇಳಿದ್ದು ಇಷ್ಟೇ. ಏನು ಉಂಡರು, ಕೆಮ್ಮಿದರೋ ಇಲ್ಲವೋ. ಮೂರು ಸಾಲಿನ ಕೆಲಸಕ್ಕೆ ನಾನು ನೂರು ಹಾಳೆಯ ನೋಟ್‌ಬುಕ್ ತಂದಿದ್ದೇನೆ. ಯಾವುದರಲ್ಲೂ ನನಗೆ ಅಳತೆ ತಿಳಿಯುವುದಿಲ್ಲ ಎಂದು ಇವರು ಹೇಳುತ್ತಿದ್ದದ್ದು ಸುಳ್ಳಲ್ಲ. ಇರಲಿ, ಉಳಿದ ಹಾಳೆಯಲ್ಲಿ ನನ್ನದನ್ನು ಬರೆದುಕೊಳ್ಳುತ್ತೇನೆ. ಮನೆಯಲ್ಲಿ ನಾವು ಮೂರೇ ಜನ. ಅತ್ತೆಗೆ ಹೇಳಿದರೆ ಅಳುತ್ತಾರೆ. ಇವರಿಗೆ ಹೇಳಿದರೆ ಒಂದೇ ಉತ್ತರ.

ಇವರು ಎಂದರೆ ನನ್ನ ಗಂಡ. ಗಜೇಂದ್ರಗಡದಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುವವರು. ಹೋದ ತಿಂಗಳು ಬಣ್ಣದ ತೊಟ್ಟಿಯ ಮುಂದೆ ನಿಂತು ನೂಲಿನ ಲಡಿ ತಿರುಗಿಸುತ್ತಿದ್ದವರು ಹಾಗೇ ಕುಸಿದರು. ಲಕ್ವಾ. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಒಂದು ಮಾತು ಮಾತ್ರ ಉಳಿಯಿತು: "ತೆಳ್ಳಗ."

ಅತ್ತೆ ಹೆಸರು ಹಿಡಿದು ಕೂಗಿದರೆ ತೆಳ್ಳಗ. ನೋವೇನ್ರಿ ಎಂದರೆ ತೆಳ್ಳಗ. ಡಾಕ್ಟರು ಹೇಳಿದರು, ಇಂಥವರಿಗೆ ಕೆಲವೊಮ್ಮೆ ಒಂದೇ ಶಬ್ದ ಉಳಿಯುತ್ತದಂತೆ, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲವಂತೆ. ಹಾಗಾದರೆ ಒಳಗೆ ಇವರಿಗೆ ತಿಳಿಯುತ್ತದೋ ಇಲ್ಲವೋ ಎಂದು ಕೇಳಿದೆ. "ಈಗಲೇ ಹೇಳಾಕ ಆಗೂದಿಲ್ರಿ," ಎಂದರು.

ನನಗೆ ಬೇಕಾದದ್ದು ಅದೊಂದೇ. ಕೈ ಬೇಡ, ಕಾಲು ಬೇಡ. ಒಳಗೆ ಇವರು ಇದ್ದಾರೋ ಇಲ್ಲವೋ, ಅದನ್ನು ಯಾರಾದರೂ ಹೇಳಬೇಕು.

ಜೂನ್ ೨೧, ಶುಕ್ರವಾರ

ಗಂಜಿ ಮುಕ್ಕಾಲು ಬಟ್ಟಲು. ಕೆಮ್ಮು ಇದೆ.

ಇವತ್ತು ಅತ್ತೆಗೆ ಹೊಳೆಯಿತು. ಬಟ್ಟಲು ಮುಂದೆ ಹಿಡಿದಾಗಲೇ ಇವರು "ತೆಳ್ಳಗ" ಎಂದರು. ಅತ್ತೆ ಗಾಳೆವ್ವ ಹಣೆ ಬಡಿದುಕೊಂಡರು.

"ಅಯ್ಯ ರೂಪಾ, ನಮಗ್ಯಾಕ ತಿಳೀಲಿಲ್ಲವ್ವಾ? ಗಂಜಿ ತೆಳ್ಳಗ ಮಾಡ ಅಂತ ಹೇಳಾಕತ್ತಾನ ನನ್ನ ಮಗ ನಿಂಗರಾಜ. ಗಂಟಲದಾಗ ಇಳೀವಲ್ದು ಅದಕ್ಕ."

ನನಗೆ ನಿಜವಾಗಿ ಕುಣಿಯುವಂತಾಯಿತು. ತಕ್ಷಣ ಬಿಸಿನೀರು ಬೆರೆಸಿದೆ. ಗಂಜಿ ಸರ್ರನೆ ಇಳಿಯಿತು. ಕೆಮ್ಮಿದರು, ಆದರೆ ಬಟ್ಟಲು ಬೇಗ ಮುಗಿಯಿತು. ಇವರು ಏನೋ ಕೇಳಿದರು, ನಾನು ಕೊಟ್ಟೆ. ಕೇಳುವವರು ಒಳಗೆ ಇರಲೇಬೇಕಲ್ಲ?

ನಾಳೆ ಇನ್ನೂ ತೆಳ್ಳಗೆ ಮಾಡುತ್ತೇನೆ.

ಜೂನ್ ೨೫, ಮಂಗಳವಾರ

ತಿಳಿಗಂಜಿ, ಎರಡು ಸಲ. ಕೆಮ್ಮು.

ಸೀರೆ ವ್ಯಾಪಾರದ ಸಿದ್ದಾರೂಢ ಸಾವ್ಕಾರರು ಬಂದಿದ್ದರು. ಇವರ ಹಾಸಿಗೆಯ ಪಕ್ಕ ಕೂತು ಎರಡು ನಿಮಿಷ ಹಾಂ ಹೂಂ ಎಂದರು, ಆಮೇಲೆ ಬಾಗಿಲ ಕಡೆ ನೋಡುತ್ತ ವಿಷಯಕ್ಕೆ ಬಂದರು.

"ತಂಗ್ಯವ್ವಾ, ಪಂಚಮಿಗೆ ದಾಳಿಂಬರ ಬಣ್ಣದ ಸೀರಿ ಕೇಳ್ಯಾರ. ಮಗ್ಗ ಖಾಲಿ ಕುಂತಾವ. ನೂಲು ಇಳಕಲ್ಲಿಗೆ ಕಳಿಸಲೇನು?"

"ಬ್ಯಾಡ್ರಿ ಸಾವ್ಕಾರ್ರ. ನಾ ಬಣ್ಣ ಹಾಕಿ ಕೊಡ್ತೀನಿ."

ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. ಇಷ್ಟು ವರ್ಷದಲ್ಲಿ ಇವರು ನನಗೆ ಕೊಟ್ಟ ಕೆಲಸ ಒಂದೇ, ತೊಟ್ಟಿಗೆ ಇಳಿಸುವ ಮುಂಚೆ ಲಡಿ ಕಟ್ಟುವುದು. ನೂಲು ಸಿಕ್ಕಾಗದಂತೆ ಅಲ್ಲಲ್ಲಿ ದಾರ ಬಿಗಿಯುವುದು. ಅದಕ್ಕೂ ಬೈಗುಳ. "ಕೊರಳಿಗೆ ಉರ್ಲ ಹಾಕಿದಂಗ ಕಟ್ಟಬ್ಯಾಡ ಮಾರಾಯ್ತಿ" ಎನ್ನುತ್ತಿದ್ದರು. ಬಣ್ಣ ಕಲೆಸುವಾಗ ಹತ್ತಿರ ಬಿಟ್ಟುಕೊಂಡವರೇ ಅಲ್ಲ. ಅವಸರದವರು ಬಣ್ಣದ ಮನೆಗೆ ಬರಬಾರದಂತೆ.

ಆದರೂ ಹೂಂ ಎಂದೆ. ಯಾಕೆಂದರೆ ತೊಟ್ಟಿ ತಣ್ಣಗಾದ ದಿನ ಇವರು ಒಳಗೊಳಗೇ ಸತ್ತುಹೋಗುತ್ತಾರೆ ಎಂದು ನನಗೆ ಅನ್ನಿಸುತ್ತದೆ. ಬಣ್ಣದ ವಾಸನೆ ಮೂಗಿಗೆ ಬಿದ್ದರೆ, ಒಳಗೆ ಇದ್ದರೆ, ಎದ್ದು ಬಂದಾರು.

ಮತ್ತೆ ನಾನೇನು ಪೂರ್ತಿ ದಡ್ಡಿಯಲ್ಲ. ರೋಣದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನ ಓದಿದವಳು. ಒಂದು ಪ್ರಯೋಗ ಇನ್ನೂ ಕಣ್ಣಿಗೆ ಕಟ್ಟಿದೆ. ಹಾಳೆಯ ಮೇಲೆ ಒಂದು ಕತ್ತರಿ ಗುರುತು, ಅದರ ಮೇಲೆ ಗಾಜಿನ ಬೀಕರು, ಅದರಲ್ಲಿ ಹೈಪೋ ದ್ರಾವಣ. ಆಮ್ಲ ಸುರಿದರೆ ದ್ರಾವಣ ಹಾಲಿನಂತೆ ಕದಡಿ ಕೆಳಗಿನ ಗುರುತು ಮಾಯ. ಹೈಪೋ ಗಟ್ಟಿಯಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಮಾಯ. ನೀರು ಬೆರೆಸಿ ತೆಳ್ಳಗೆ ಮಾಡಿದ್ದರೆ ಕಾದು ಕಾದು ಬೇಸರ ಬರುತ್ತಿತ್ತು. ದ್ರಾವಣದಲ್ಲಿ ಕಣ ಹೆಚ್ಚಿದ್ದಷ್ಟೂ ಒಂದಕ್ಕೊಂದು ಡಿಕ್ಕಿ ಹೆಚ್ಚು, ಕ್ರಿಯೆ ಬೇಗ. ಇದರಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು.

ಬಣ್ಣ ನೂಲಿಗೆ ಕಚ್ಚುವುದು ಸೋಡಾ ಬಿದ್ದ ಮೇಲೆ. ಅಂದಮೇಲೆ ನೀರು ಕಡಿಮೆ, ಸೋಡಾ ಜಾಸ್ತಿ. ಇವರು ಇಡೀ ದಿನ ಮಾಡುತ್ತಿದ್ದ ಕೆಲಸ ನನ್ನ ಕೈಯಲ್ಲಿ ಮಧ್ಯಾಹ್ನದೊಳಗೆ ಮುಗಿಯಬೇಕು. ಗಂಜಿ ಕುಡಿಸುವುದು, ಒರೆಸುವುದು, ಹೊರಳಿಸುವುದು ಯಾರು ಮಾಡುತ್ತಾರೆ?

ಜೂನ್ ೨೭, ಗುರುವಾರ

ತಿಳಿಗಂಜಿ. ಕೆಮ್ಮು ಜಾಸ್ತಿ.

ನೂಲು ಹಾಳಾಯಿತು. ಹೊರಗಿನ ಎಳೆ ಕಪ್ಪಿಡುವಷ್ಟು ಕೆಂಪು, ಒಳಗಿನವು ಕಲಗಚ್ಚಿನ ಬಣ್ಣ. ಹುಲಿಯ ಮೈಯಂತೆ ಪಟ್ಟೆ ಪಟ್ಟೆ. ಸೋಡಾ ಬಿದ್ದದ್ದೇ ತಡ, ಬಣ್ಣವೆಲ್ಲ ಮೊದಲು ಸಿಕ್ಕ ಎಳೆಗೇ ಮುಗಿಬಿದ್ದು ಕಚ್ಚಿತು. ಕ್ರಿಯೆ ಬೇಗ ಆಯಿತು, ಹೌದು. ಪೂರ್ತಿ ಅಂಕ ಕೊಡಬೇಕು ನನಗೆ.

ಜುಲೈ ೨, ಮಂಗಳವಾರ

ಎರಡನೆಯ ಸಲವೂ ಹೋಯಿತು. ಕೋಲಿನಿಂದ ಜೋರಾಗಿ ತಿರುಗಿಸಿದರೆ ಸರಿಹೋಗುತ್ತದೆ ಎಂದುಕೊಂಡು ಸೋಡಾ ಇನ್ನಷ್ಟು ಸುರಿದಿದ್ದೆ. ಮೊದಲಿನದಕ್ಕಿಂತ ಕೆಟ್ಟದಾಯಿತು. ಸಾವ್ಕಾರರು ಪಟ್ಟೆ ನೂಲನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ ಕೆಳಗಿಟ್ಟರು. ಬೈದಿದ್ದರೆ ಚಲೋ ಇತ್ತು. ಇನ್ನೊಂದೇ ಸಲ ನೂಲು ಕಳಿಸುತ್ತಾರಂತೆ, ಅದೂ ಇವರ ಮುಖ ನೋಡಿ.

ಒಳಗೆ ಬಂದಾಗ ಇವರಿಗೆ ಗಂಜಿಯ ಹೊತ್ತು. ಬಟ್ಟಲು ತೋರಿಸಿದೆ. "ತೆಳ್ಳಗ" ಎಂದರು. ಬರೀ ನೀರಿನಂತಿದ್ದ ಗಂಜಿ ಅದು, ಬಟ್ಟಲ ತಳದ ಹೂವು ಕಾಣುತ್ತಿತ್ತು.

"ಇನ್ನೆಷ್ಟ ತೆಳ್ಳಗ ಮಾಡ್ಲಿ? ಬಾವಿ ನೀರ ಕುಡಸ್ಲೇನು?" ಎಂದು ಕೂಗಿದೆ. ಚಮಚ ಗೋಡೆಗೆ ಬೀಸಿ ಒಗೆದೆ. ಇವರು ಗೋಡೆಯನ್ನು ನೋಡಿ "ತೆಳ್ಳಗ" ಎಂದರು.

ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದು ನನ್ನ ಹಾಳೆ. ಆ ಹೊತ್ತಿಗೆ ಇವರ ಬಾಯಿಂದ ಆ ಒಂದು ಶಬ್ದವೂ ಹೋಗಿಬಿಡಲಿ ಎನ್ನಿಸಿತು.

ಜುಲೈ ೫, ಶುಕ್ರವಾರ

ಗದಗಿನ ದವಾಖಾನೆ. ಜ್ವರ, ಉಬ್ಬಸ. ಎದೆಯ ಫೋಟೋ ತೆಗೆದರು. ಗಂಜಿ ಹೊಟ್ಟೆಗೆ ಹೋಗುವ ಬದಲು ಶ್ವಾಸದ ನಳಿಗೆಗೆ ಇಳಿದು ಪುಪ್ಪುಸ ಕೆಟ್ಟಿದೆಯಂತೆ.

ನುಂಗುವುದನ್ನೂ ಮಾತನ್ನೂ ಮತ್ತೆ ಕಲಿಸುವ ಹೆಣ್ಣುಮಗಳೊಬ್ಬಳಿದ್ದಾಳೆ ಇಲ್ಲಿ. ವಯಸ್ಸು ಸಣ್ಣದು, ಮಾತು ಮೆತ್ತಗೆ. ನನ್ನ ಈ ನೋಟ್‌ಬುಕ್ ಕೇಳಿದಳು. ಊಟದ ಸಾಲುಗಳನ್ನಷ್ಟೇ ಓದಿ ಹೇಳಿದೆ.

"ಅಕ್ಕಾರ, ಇಷ್ಟ ತೆಳ್ಳಗ ಕುಡಸಂತ ಯಾರ ಹೇಳಿದ್ರಿ?"

"ಅವ್ರ ಕೇಳಿದ್ರು," ಎಂದೆ.

ಅವಳು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು. "ತೆಳ್ಳಗಿದ್ದದ್ದು ಲಗೂನ ಇಳೀತೈತ್ರಿ. ಅವರ ಗಂಟಲಿಗೆ ಅಷ್ಟ ಲಗೂ ಬಾಗ್ಲಾ ಹಾಕ್ಕೊಳ್ಳಾಕ ಬರೂದಿಲ್ಲ. ಗಟ್ಟಿ ಮಾಡಿ ಕೊಡ್ರಿ. ಹಗೂರ್ಕ ಇಳೀತೈತಿ, ಗಂಟಲಿಗೆ ಟೈಮ್ ಸಿಗತೈತಿ."

ಇವರ ಬಾಯಿಂದ ಬಂದ ಒಂದೇ ಮಾತನ್ನು ನಾನು ಚಾಚೂ ತಪ್ಪದೆ ನಡೆಸಿಕೊಟ್ಟೆ. ಅದರಿಂದಲೇ ಇವರನ್ನು ಕೊಲ್ಲಲು ಹೊರಟಿದ್ದೆ. ಹಾಗಾದರೆ ಅದು ಮಾತಲ್ಲ. ಬಾಗಿಲು ಗಾಳಿಗೆ ಕಿರ್ರೆನ್ನುತ್ತದಲ್ಲ, ಹಾಗೆ. ಇಷ್ಟು ದಿನ ನಾನು ಬಾಗಿಲಿನ ಜೊತೆ ಮಾತಾಡುತ್ತಿದ್ದೆ.

ಜುಲೈ ೬, ಶನಿವಾರ

ಮೂಗಿನ ನಳಿಗೆಯಲ್ಲಿ ಊಟ. ಬರೆಯುವುದೇನೂ ಇಲ್ಲ.

ಜುಲೈ ೧೨, ಶುಕ್ರವಾರ

ಮನೆಗೆ ಬಂದೆವು. ಗಟ್ಟಿ ಅಂಬಲಿ, ಅರ್ಧ ಬಟ್ಟಲು. ಕೆಮ್ಮು ಇಲ್ಲ.

ಕೆಮ್ಮು ಇಲ್ಲ ಎಂದು ಬರೆದದ್ದು ಇದೇ ಮೊದಲು.

ಆ ಹೆಣ್ಣುಮಗಳು ಕಲಿಸಿದ ರೀತಿ ಹೀಗಿದೆ. ನೆಟ್ಟಗೆ ಕೂರಿಸಬೇಕು. ಅರ್ಧ ಚಮಚ ಕೊಡಬೇಕು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುವತನಕ ಕಾಯಬೇಕು. ಬಂದಮೇಲೆ ಇನ್ನೊಂದು ಸಲ ಬರಿಬಾಯಲ್ಲಿ ನುಂಗಿಸಬೇಕು. ಆಮೇಲೆ ಮುಂದಿನ ಚಮಚ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಶಾಲೆಗೆ ಹೋಗುವ ಹುಡುಗರೆಲ್ಲ ಓಣಿ ದಾಟಿರುತ್ತಾರೆ. ಮುಂಚಿನ ನಾನಾಗಿದ್ದರೆ ಸಿಡಿದು ಹೋಗುತ್ತಿದ್ದೆ. ಈಗ ಶಕ್ತಿ ಇಲ್ಲವೋ ಏನೋ, ಸುಮ್ಮನೆ ಗಂಟಲು ನೋಡುತ್ತ ಕೂರುತ್ತೇನೆ.

ಇನ್ನೊಂದು ಮಾತು ಹೇಳಿದ್ದಾಳೆ. ಇವರನ್ನು ಹೆಸರು ಹಿಡಿದು ಕರೆಯಬೇಕಂತೆ, ತಮ್ಮ ಹೆಸರು ಕಿವಿಗೆ ಬೀಳುತ್ತಿರಬೇಕಂತೆ. ಅಲ್ಲ, ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ, ಅದೂ ಎಲ್ಲರೂ ಬಾಗಿಲು ಅಡ್ಡಗಟ್ಟಿ ಒಡಪು ಹೇಳಿಸಿದಾಗ. "ರೀ" ಎಂದೇ ಕರೆದೆ. ಅತ್ತೆ ಎದುರಿಗಿದ್ದರು.

ಚಮಚದ ನಡುವೆ ಕಾಯುತ್ತ ಕೂತಾಗ ಒಂದು ನೆನಪಾಯಿತು. ಬಣ್ಣದ ಮನೆಯಿಂದ ಇವರ ದನಿ. ಆಳು ಬಿಸಿನೀರಿನ ಕೊಡ ಹೊತ್ತು ತಂದಾಗೆಲ್ಲ ಕೂಗುತ್ತಿದ್ದರು: "ತೆಳ್ಳಗ ಮಾಡೋ, ಇನ್ನಾ ತೆಳ್ಳಗ. ಹಗೂರ್ಕ ಕಚ್ಚಲಿ." ವರ್ಷಗಟ್ಟಲೆ ಕೇಳಿದ್ದೇನೆ. ಲಡಿ ಕಟ್ಟುತ್ತ ಹೊರಗೆ ಕೂತವಳಿಗೆ ಅದು ಓಣಿಯ ಗದ್ದಲದಲ್ಲಿ ಒಂದಾಗಿತ್ತು. ಕುಸಿದ ದಿನವೂ ಇದೇ ಮಾತು ಬಾಯಲ್ಲಿತ್ತೇನೋ.

ಗಂಜಿಗಲ್ಲ. ತೊಟ್ಟಿಗೆ ಹೇಳುತ್ತಿದ್ದಾರೆ. ನಾನು ಗಟ್ಟಿ ಬಣ್ಣದಲ್ಲಿ ನೂಲು ಕೆಡಿಸುವ ವಾಸನೆ ಒಳಮನೆಗೆ ಬಡಿದಿದೆ, ಇವರಿಗೆ ಗೊತ್ತಾಗಿದೆ, ಹೇಳಿ ಹೇಳಿ ಸಾಕಾಗಿದ್ದಾರೆ.

ಆ ಪ್ರಯೋಗವೂ ಅದನ್ನೇ ಹೇಳಿತ್ತಲ್ಲ. ನೀರು ಹೆಚ್ಚಿದ್ದ ಬೀಕರಿನ ಕೆಳಗೆ ಕತ್ತರಿ ಗುರುತು ಬಹಳ ಹೊತ್ತು ಕಾಣುತ್ತಿತ್ತು. ನಾನು ಬೇಗ ಮಾಯವಾದದ್ದನ್ನೇ ನೆನಪಿಟ್ಟುಕೊಂಡೆ. ನಿಧಾನವಾದದ್ದು ಕೆಲಸಕ್ಕೆ ಬಾರದ್ದು ಎಂದುಕೊಂಡಿದ್ದೆ.

ಜುಲೈ ೧೬, ಮಂಗಳವಾರ

ಗಟ್ಟಿ ಅಂಬಲಿ, ಮುಕ್ಕಾಲು ಬಟ್ಟಲು. ಕೆಮ್ಮು ಇಲ್ಲ. ಸಂಜೆ ಹಿಸುಕಿದ ಬಾಳೆಹಣ್ಣು.

ಕೊನೆಯ ನೂಲು ಇವತ್ತು ತೊಟ್ಟಿಗೆ ಇಳಿಸಿದೆ. ಲಡಿಗಳನ್ನು ಮುಂಜಾನೆಯೇ ಗಡಬಡಿಸಿ ಕಟ್ಟಿ ಮುಗಿಸಿ, ಉಳಿದ ಹೊತ್ತನ್ನೆಲ್ಲ ನೀರಿಗೇ ಕೊಟ್ಟೆ. ತೊಟ್ಟಿಯ ಕಂಠದವರೆಗೂ ನೀರು. ಉಪ್ಪು ಸ್ವಲ್ಪ ಸ್ವಲ್ಪ. ಸೋಡಾವನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಒಂದು ತಂಬಿಗೆ ಹಾಕುವುದು, ಲಡಿ ತಿರುಗಿಸುವುದು, ಕಾಯುವುದು. ಆಮೇಲೆ ಇನ್ನೊಂದು ತಂಬಿಗೆ. ಬಣ್ಣ ಕಚ್ಚಿದೆಯೋ ಇಲ್ಲವೋ ಎಂದು ನೋಡುವಾಗ ನಾನು ಇವರ ಗಂಟಲು ನೋಡುವಂತೆಯೇ ತೊಟ್ಟಿ ನೋಡುತ್ತಿದ್ದೆ. ನಗು ಬಂತು.

ತೊಳೆದು ಹಿಂಡಿ ಹಗ್ಗಕ್ಕೆ ಹಾಕಿದೆ. ಒಂದೇ ಬಣ್ಣ. ಹೊರಗೂ ಒಳಗೂ ದಾಳಿಂಬೆ ಒಡೆದ ಹಾಗೆ. ಅತ್ತೆ ನೋಡಿ ದೃಷ್ಟಿ ತೆಗೆದರು.

ಇವರಿದ್ದಾರೆ. ಒಳಗೇ ಇದ್ದಾರೆ. ಇಷ್ಟು ದಿನ ನನಗೆ ಬಣ್ಣ ಹೇಳಿಕೊಡುತ್ತಿದ್ದರು. ನರಗುಂದಕ್ಕೆ ಫೋನು ಮಾಡಿ ಮೈದುನನಿಗೆ ಹೇಳಿದೆ. ನಾಳೆ ಬರುತ್ತಾನಂತೆ.

ಜುಲೈ ೧೭, ಬುಧವಾರ

ಫಕೀರೇಶ ಬಂದಿದ್ದ. ಇವರ ತಮ್ಮ, ಕೆಟ್ಟವನಲ್ಲ. ಅಣ್ಣನಿಗಾಗಿ ದವಾಖಾನೆಯ ಕಟ್ಟೆಯ ಮೇಲೆ ಮಲಗಿದವನು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಹಾಸಿಗೆಯ ಹತ್ತಿರ ಕೂತು ಕಿಸೆಯಿಂದ ಬೀಗದ ಕೈ ತೆಗೆದ.

"ಅಣ್ಣಾ, ಇದೇನು?"

"ತೆಳ್ಳಗ."

ಗೋಡೆಯ ಮೇಲಿನ ಅಪ್ಪನ ಫೋಟೋ ತೋರಿಸಿದ. "ಇವರ ಯಾರು?"

"ತೆಳ್ಳಗ."

ಬಾಗಿಲಲ್ಲಿ ನಿಂತ ಆಡು. ತೆಳ್ಳಗ. ಆಮೇಲೆ ನನ್ನ ಕಡೆ ಬೆರಳು ಮಾಡಿದ. ಇವರು ನನ್ನನ್ನು ನೋಡಿದರು. ಅದನ್ನೇ ಅಂದರು.

"ವೈನಿ," ಎಂದ ಫಕೀರೇಶ, ಕಣ್ಣು ಒರೆಸಿಕೊಳ್ಳುತ್ತ. "ನೂಲು ಚಲೋ ಬಂದೈತಿ. ಅದು ನಿಮ್ಮ ಕೈಗುಣ. ಅಣ್ಣ ಹೇಳ್ಯಾನ ಅಂತ ಎದಿಯಾಗ ಇಟ್ಕೋಬ್ಯಾಡ್ರಿ. ನಾಳಿಗೆ ನಿಮಗ ಭಾಳ ತ್ರಾಸ ಆಗತೈತಿ."

ಅವನು ಹೇಳಿದ್ದು ಸರಿ. ಆಡಿಗೂ ನನಗೂ ಒಂದೇ ಹೆಸರು. ಗಂಜಿಗೆ ಎಂದರೆ ಗಂಜಿಗೆ, ತೊಟ್ಟಿಗೆ ಎಂದರೆ ತೊಟ್ಟಿಗೆ. ನನಗೆ ಬೇಕಾದ ಕಡೆಯೆಲ್ಲ ನಾನೇ ಅರ್ಥ ಹಚ್ಚಿಕೊಂಡೆ. ಎಂದೋ ಹೋದ ಮನುಷ್ಯನ ಬಾಯಿಗೆ ಇಷ್ಟು ದಿನ ಚಮಚ ಹಿಡಿದು ಕೂತಿದ್ದೇನೆ.

ಊಟ ಬರೆಯಲು ಮರೆತೆ. ಉಂಡರು. ಕೆಮ್ಮಲಿಲ್ಲ.

ಜುಲೈ ೧೮, ಗುರುವಾರ

ಅಂಬಲಿ. ಕೆಮ್ಮು ಇಲ್ಲ.

ಜುಲೈ ೧೯, ಶುಕ್ರವಾರ

ಗಟ್ಟಿ ಅಂಬಲಿ, ಒಂದು ಬಟ್ಟಲು. ಕೆಮ್ಮು ಇಲ್ಲ.

ಆದದ್ದು ಆದ ಹಾಗೆ ಬರೆಯುತ್ತೇನೆ. ಈ ಸಲ ಯಾವ ಅರ್ಥವನ್ನೂ ಹಚ್ಚುವುದಿಲ್ಲ.

ಇವತ್ತು ಸಾವ್ಕಾರರು ನೂಲು ಒಯ್ಯಲು ಬರುವ ದಿನ. ಒಣಗಿದ ಲಡಿಗಳನ್ನು ಹಗ್ಗದಿಂದ ತೆಗೆದು ಒಳಗೆ ತಂದೆ. ಇವರ ಊಟದ ಹೊತ್ತಾಗಿತ್ತು. ನೆಲ ಒರೆಸಿ ಇನ್ನೂ ಹಸಿಯಿತ್ತು, ಬೇರೆ ಜಾಗ ಸಿಗದೆ ಒಂದು ಹಿಡಿ ಲಡಿಯನ್ನು ಇವರ ತೊಡೆಯ ಮೇಲೆಯೇ ಇಟ್ಟು ಅಂಬಲಿ ತರಲು ಹೋದೆ. ತೋರಿಸಬೇಕೆಂದು ಇಟ್ಟದ್ದಲ್ಲ. ತೋರಿಸುವ ಆಸೆಯೇ ಸತ್ತಿತ್ತು.

ಬಟ್ಟಲು ಹಿಡಿದು ಬಂದಾಗ ಇವರ ಎಡಗೈ ನೂಲಿನೊಳಗಿತ್ತು. ಸುಮ್ಮನೆ ಕೈಯಾಡಿಸುತ್ತಿದ್ದಾರೆ ಎಂದುಕೊಂಡೆ. ಇಲ್ಲ. ಬೆರಳು ಲಡಿಯ ಉದ್ದಕ್ಕೂ ಸರಿದು ಕಟ್ಟಿನ ಹತ್ತಿರ ಬಂದು ನಿಂತಿತು. ನಾನು ಗಡಬಡಿಸಿ ಬಿಗಿದ ಕಟ್ಟು. ಉಗುರಿನಿಂದ ಕೆದರಿದರು, ಬಿಡಲಿಲ್ಲ. ಲಡಿಯನ್ನೇ ಬಾಯಿಗೆ ಒಯ್ದು ಹಲ್ಲಿನಿಂದ ದಾರ ಎಳೆದರು. ಜೊಲ್ಲು ಇಳಿಯಿತು, ಮುಖ ಕೆಂಪಾಯಿತು. ನಾನು ಬಟ್ಟಲು ಹಿಡಿದುಕೊಂಡೇ ನಿಂತಿದ್ದೆ. ಸಹಾಯ ಮಾಡಲು ಕೈ ಮುಂದಾಗಿತ್ತು, ಹಿಂದೆ ತೆಗೆದುಕೊಂಡೆ.

ದಾರ ಸಡಿಲಾಯಿತು. ಇವರು ಅದನ್ನು ಪಕ್ಕಕ್ಕೆ ಸರಿಸಿ ಎಳೆಗಳನ್ನು ಹೆಬ್ಬೆರಳಿನಿಂದ ಬಿಡಿಸಿದರು. ಕಟ್ಟಿನ ಕೆಳಗೆ ಸುತ್ತಲೂ ಬಿಳಿ. ಉಂಗುರದಂತೆ ಬಿಳಿ. ಬಿಗಿದ ಜಾಗಕ್ಕೆ ಬಣ್ಣದ ನೀರು ಹೋಗಿಯೇ ಇರಲಿಲ್ಲ. ನಾನು ನೋಡಿರಲಿಲ್ಲ, ಅತ್ತೆ ನೋಡಿರಲಿಲ್ಲ. ಮಗ್ಗಕ್ಕೆ ಹೋಗಿದ್ದರೆ ಸೀರೆಯ ತುಂಬ ಬಿಳಿ ಚುಕ್ಕೆ.

ಆ ಬಿಳಿಯ ಮೇಲೆ ಹೆಬ್ಬೆರಳು ಇಟ್ಟು ಇವರು ನನ್ನ ಕಡೆ ತಲೆ ಎತ್ತಿದರು. ಹುಬ್ಬು ಗಂಟು ಹಾಕಿಕೊಂಡಿತ್ತು.

"ತೆಳ್ಳಗ," ಎಂದರು.

ಶಬ್ದ ಅದೇ. ಆದರೆ ಆ ದನಿ ನನಗೆ ಗೊತ್ತು. ಕೊರಳಿಗೆ ಉರ್ಲ ಹಾಕಿದಂಗ ಕಟ್ಟಬ್ಯಾಡ ಮಾರಾಯ್ತಿ. ಇಷ್ಟು ವರ್ಷ ದಿನಾ ಕೇಳಿದ ದನಿ. ಕೊನೆಗೆ ಮಾರಾಯ್ತಿ ಎಂದು ಏಳುತ್ತಿದ್ದ ಆ ಎಳೆತ ಕೂಡ ಹಾಗೇ ಇತ್ತು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡರೂ ಸದ್ದು ಹೊರಗೆ ಬಂತು. ಅತ್ತೆ ಒಳಗಿನಿಂದ ಓಡಿ ಬಂದರು.

"ಏನಾತವ್ವಾ? ಯಾಕ ಅಳಾಕತ್ತಿ?"

"ಬೈದ್ರು, ಅತ್ತಿ," ಎಂದೆ. "ನನ್ನ ಬೈದ್ರು."

ಅತ್ತೆಗೆ ಏನೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ತಾವೂ ಅತ್ತರು. ಇವರು ಇಬ್ಬರನ್ನೂ ನೋಡಿದರು, ಆಮೇಲೆ ಎರಡನೆಯ ಲಡಿಗೆ ಕೈ ಹಾಕಿದರು.

ಸಾವ್ಕಾರರು ಮಧ್ಯಾಹ್ನ ಬಂದರು. ಅಂಬಲಿ ಇನ್ನೂ ನಡೆದಿತ್ತು. ಬಾಗಿಲಲ್ಲೇ ನಿಂತು ನೂಲು ನೋಡಿ ಮುಖ ಅರಳಿಸಿದರು.

"ಭಾಳ ಚಲೋ ಬಂದೈತಿ ತಂಗ್ಯವ್ವಾ. ಹಾಕ್ರಿ ಚೀಲದಾಗ."

"ಇವತ್ತ ಕೊಡೂದಿಲ್ರಿ. ಕಟ್ಟೆಲ್ಲಾ ಬಿಚ್ಚಿ ಇನ್ನೊಮ್ಮಿ ಬಣ್ಣದಾಗ ಅದ್ದಬೇಕು."

"ಇಷ್ಟ ಚಂದ ಐತಲ್ಲ? ಯಾರ ಹೇಳಿದ್ರು ಇನ್ನೊಮ್ಮಿ ಅದ್ದಾಕ?"

ಇವರ ಗಂಟಲು ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡುತ್ತಿದ್ದೆ. ಬಂತು. ಚಮಚ ಬಟ್ಟಲಿಗಿಟ್ಟು ಹೇಳಿದೆ.

"ನಿಂಗರಾಜ ಹೇಳ್ಯಾರ್ರಿ."